ಕೂದಲೆಳೆಯಷ್ಟು

ಅಂದು ಬೆಳಿಗ್ಗೆ ದಟ್ಟ ಮಂಜು ಲೇತ್ ಶೆಡ್ಡಿನ ಹೊಸ್ತಿಲವರೆಗೂ ಬಂದು ಕೂತಿತ್ತು. ಒಳಗೆ ಅಣ್ಣನ ಏಟಿಗೆ, ಅವನಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ತಂಗಿಯ ತುಟಿ ಒಡೆದು ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು.

“ಎರಡರ ವರ್ಗಮೂಲಕ್ಕೆ ಈ ಪ್ರೋಗ್ರಾಮ್ ಒಂದು ಗಂಟೆಯಿಂದ ಸುತ್ತುತ್ತಾ ಇದೆ! ಪಾಠ ಹೇಳೋ ಮುಖ ನೋಡು!” ಎಂದು ಅಬ್ಬರಿಸುತ್ತ ಅವನು ಕಂಪ್ಯೂಟರಿನ ಮೇಲೆ ಸುತ್ತಿಗೆ ಎತ್ತಿದ. ಅವಳ ಇಡೀ ವರ್ಷದ ಕೆಲಸ ಅದರೊಳಗಿತ್ತು. ಅವಳು ಸುತ್ತಿಗೆಗೆ ತಲೆಯೊಡ್ಡಿ ನಿಂತು, ಅವನು ಬರೆದ ಸಾಲನ್ನು ಓದಿದಳು. ಉತ್ತರದ ವರ್ಗ ಕರಾರುವಾಕ್ಕಾಗಿ ಎರಡೇ ಆಗುವವರೆಗೂ, ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಲೂಪ್ ಸುತ್ತಲಿ ಎಂದು ಬರೆದಿದ್ದ, ಮಹಾರಾಯ. ಆ ವರ್ಗಮೂಲದ ದಶಾಂಶಗಳಿಗೆ ದೇವರು ಕೊನೆಯನ್ನೇ ಇಟ್ಟಿಲ್ಲ.

“ಅಣ್ಣಾ, ಲೇತಿನಲ್ಲಿ ಕಬ್ಬಿಣ ಹೆರೆಯುವಾಗ ಎಲ್ಲಿ ನಿಲ್ಲಿಸ್ತೀಯ?”

“ಅಳತೆಗೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿದಾಗ. ಅದ್ಯಾಕೆ ಈಗ...” ಅವನ ಕಣ್ಣು ತಾನು ಬರೆದ ಸಾಲಿನತ್ತ ಹೊರಳಿತು. ಸುತ್ತಿಗೆ ಕೆಳಗಿಳಿಯಿತು.

ಅವನೇ ಸಾಲು ತಿದ್ದಿದ. ವ್ಯತ್ಯಾಸ ಅಷ್ಟು ಸಣ್ಣದಾದೊಡನೆ ಲೂಪ್ ನಿಂತು, ಪರದೆಯ ಮೇಲೆ 1.41421 ಮೂಡಿತು. “ಬಂತು ಕಣೇ!” ಎಂದು ನಗುತ್ತ ತಿರುಗಿದವನ ಕೆನ್ನೆಯತ್ತ ತಂಗಿಯ ಅಂಗೈ ಬಿರುಗಾಳಿಯಂತೆ ಬೀಸಿ ಬಂದು, ಚರ್ಮಕ್ಕೆ ಕೂದಲೆಳೆಯಷ್ಟು ಅಂತರ ಉಳಿದಾಗ ನಿಂತಿತು. ಅವನು ಕಣ್ಣು ಮುಚ್ಚಿದ.

“ಹೊಡಿಯೇ, ತಾಯಿ.”

“ನಿನ್ನ ಏಟು ವಾಪಸ್ ಕೊಟ್ಟಾಯ್ತಲ್ಲ, ಅಣ್ಣಾ,” ಎಂದು ಮೆಲ್ಲಗೆ ಹೇಳಿ ಅವಳು ಕೈ ಇಳಿಸಿದಳು.