ಸಾಗರ್ ಭಾವನ ನೆಪ

ನೀರಜಾಳ ರಕ್ತ ಸಾಗರನಿಗೆ ಪೂರ್ತಿ ಹೊಂದುತ್ತದೆ ಎಂದು ಡಾಕ್ಟರ್ ಹೇಳಿದ ಕೂಡಲೇ ಸುಶೀಲಮ್ಮ ಕುರ್ಚಿಯಿಂದೆದ್ದು ಕೈಮುಗಿದರು. ರಕ್ತದ ಕ್ಯಾನ್ಸರಿನಿಂದ ಮಲಗಿದ್ದ ಮಗನಿಗೆ ಒಡಹುಟ್ಟಿದ ತಂಗಿಯದೇ ಹೊಂದಿರಲಿಲ್ಲ. ಈಗ ಹೊಂದಿದ್ದು ಸುಶೀಲಮ್ಮನ ಅಣ್ಣನ ಮಗಳದು. ಅವಳೂ ಇದೇ ಮಸ್ಕತ್ತಿನಲ್ಲಿ, ಅಲ್ ಹೈಲ್‌ನಲ್ಲಿ ಗಂಡನ ಜೊತೆ ಇದ್ದಳು.

“ಒಡಹುಟ್ಟಿದವರಲ್ಲದಿದ್ದರೆ ಹೀಗೆ ಹೊಂದುವುದು ಅಪರೂಪ. ನಿಮ್ಮ ಮನೆತನದಲ್ಲಿ ಸಂಬಂಧದೊಳಗೇ ಮದುವೆಗಳಾಗಿವೆಯೇ?” ಎಂದರು ಡಾಕ್ಟರ್.

“ಮೂರು ತಲೆಮಾರಿಂದ ಅದೇ ಕಥೆ. ಒಂದು ಮಾತ್ರ ತಪ್ಪಿಹೋಯ್ತು,” ಎಂದಳು ನೀರಜಾ. ಸುಶೀಲಮ್ಮ ನೆಲ ನೋಡಿದರು.

ತಪ್ಪಿದ್ದು ಅವಳ ಮತ್ತು ಸಾಗರನ ಮದುವೆ. ಮೈಸೂರಿನಲ್ಲಿ ತಾಂಬೂಲ ಬದಲಾಯಿಸಲು ಎರಡೂ ಮನೆಯವರು ಕೂತಿದ್ದಾಗ ಸಾಗರ್, “ರಕ್ತ ತೀರಾ ಹತ್ತಿರ, ಹುಟ್ಟುವ ಮಕ್ಕಳಿಗೆ ಒಳ್ಳೆಯದಲ್ಲ” ಎಂದು ಪಾಠ ಹೇಳಿ ಎದ್ದುಹೋಗಿದ್ದ. ಆಮೇಲೆ ಅವಳಿಗೆ ಬಂಗಾರದಂಥ ಗಂಡ ಸಿಕ್ಕಿದ, ನಿಜ. ಆದರೂ ಅಷ್ಟು ಜನರೆದುರು ತನ್ನ ರಕ್ತವೇ ಬೇಡವೆಂದವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಇದೇ ಊರಿನ ಅಲ್ ಗುಬ್ರಾದಲ್ಲಿದ್ದ ಅವನ ಫ್ಲ್ಯಾಟಿನ ಮೆಟ್ಟಿಲನ್ನು ಅವಳು ಒಮ್ಮೆಯೂ ತುಳಿದವಳಲ್ಲ.

ಡಾಕ್ಟರ್ ಬಿಡಿಸಿ ಹೇಳಿದರು. ಕೆಲವು ದಿನ ಇಂಜೆಕ್ಷನ್, ಸ್ವಲ್ಪ ಮೈಕೈ ನೋವು. ಆಮೇಲೆ ಒಂದು ಕೈಯಿಂದ ರಕ್ತ ತೆಗೆದು, ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಬೇರ್ಪಡಿಸಿಕೊಂಡು, ಉಳಿದದ್ದನ್ನು ಇನ್ನೊಂದು ಕೈಗೆ ವಾಪಸು ಬಿಡುತ್ತಾರೆ. ಅವು ಸಾಗರನ ಮೂಳೆಯೊಳಗೆ ನೆಲೆಯೂರಿದರೆ ಮುಂದೆ ಅವನ ಮೈಯಲ್ಲಿ ಹರಿಯುವುದು ನೀರಜಾಳ ರಕ್ತವೇ. ಅವನು ಉಳಿಯಲು ಬೇರೆ ದಾರಿಯಿಲ್ಲ. ಒಪ್ಪಿಗೆಯೇ ಎಂದು ಕೇಳಿದರು.

“ಮೊದ್ಲು ಅವನನ್ನ ಒಂದು ಮಾತು ಕೇಳ್ಬೇಕು.”

“ಹಳೇದನ್ನೆಲ್ಲ ಈಗ ಕೆದಕ್ಬೇಡ ಕಣೇ,” ಸುಶೀಲಮ್ಮ ಅವಳ ಕೈ ಹಿಡಿದುಕೊಂಡರು.

“ಒಂದೇ ಮಾತು ಅತ್ತೆ,” ಎಂದು ನೀರಜಾ ಕೈ ಬಿಡಿಸಿಕೊಂಡು ನಡೆದೇಬಿಟ್ಟಳು.

ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ನೋಡಿದರೆ ಸಾಗರನ ತಲೆ ಬೋಳಾಗಿತ್ತು, ಕೈ ಕಡ್ಡಿಯಾಗಿತ್ತು. ಪಾಪ ಎನಿಸಿ ಅವಳ ಕಣ್ಣು ತುಂಬಿತು. ಆದರೂ ನೀರಜಾ ನೀರಜಾಳೇ, ಕೇಳದೆ ಬಿಡಲಿಲ್ಲ.

“ಭಾವಾ, ಈಗ್ಲೂ ನನ್ ರಕ್ತ ನಿಂಗೆ ತೀರಾ ಹತ್ರ ಆಯ್ತಾ?”

ಸಾಗರ್ ಸಣ್ಣಗೆ ನಕ್ಕ. “ಅದೊಂದು ನೆಪ ಕಣೇ. ಯಾವ್ದೋ ಪೇಪರಲ್ಲಿ ಓದಿದ್ದೆ, ಹೇಳ್ಬಿಟ್ಟೆ. ನಿಜ ಹೇಳ್ಲಾ? ಮೊನ್ನೆ ಗೋನು ಚಂಡಮಾರುತ ಬಂದಾಗ್ಲೂ ನಾನು ಹೆದರ್ಲಿಲ್ಲ. ಅವತ್ತು ಹೆದರಿದ್ದು ನಿನ್ನ ಬಾಯಿಗೆ. ದಿನಾ ಬೈಸ್ಕೊಂಡು ಬಾಳೋಕೆ ನನ್ ಕೈಲಾಗಲ್ಲ ಅನ್ನಿಸ್ತು. ತಪ್ಪಾಯ್ತು.”

ನೀರಜಾ ಗೊಳ್ಳೆಂದು ನಕ್ಕುಬಿಟ್ಟಳು. ಇಷ್ಟು ವರ್ಷದ ಸಿಟ್ಟು ಆ ನಗುವಿನಲ್ಲೇ ಹೋಯಿತು. ಬಾಯಿಯ ವಿಷಯದಲ್ಲಿ ಅವಳ ತಕರಾರೇನೂ ಇರಲಿಲ್ಲ. ಮನೆಯಲ್ಲಿ ಗಂಡನೂ ಅದನ್ನೇ ಹೇಳುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಡಾಕ್ಟರಿಗೆ, “ಯಲ್ಲಾ, ಇಂಜೆಕ್ಷನ್ ಶುರು ಮಾಡಿ” ಎಂದು ಅರಬರ ಧಾಟಿಯಲ್ಲೇ ಅವಸರಿಸಿ ಸಾಗರನ ಕಡೆ ತಿರುಗಿದಳು.

“ಅವತ್ತೇ ಕಟ್ಕೊಂಡಿದ್ರೆ ಆಷಾಢಕ್ಕಾದ್ರೂ ತವರಿಗೆ ಹೋಗ್ತಿದ್ದೆ ಭಾವಾ. ಈಗ ನಿನ್ನ ಮೂಳೆಯೊಳಗೇ ಬಂದು ಕೂರ್ತೀನಿ, ಎಲ್ಲಿಗೂ ಹೋಗಲ್ಲ.”