ಇಂಚರಾಳ ಬಿಳಿ ಪುಡಿ

"ಅಜ್ಜೀ, ಫ್ರಿಜ್ ಮೇಲಿದ್ದ ಬಾಟ್ಲಿ ಎಲ್ಲಿ?"

ಬ್ಯಾಗು ಹೆಗಲಿಗೇರಿಸಿದ ಇಂಚರಾ ಹಾಗೇ ನಿಂತಳು. ಬಾಟಲಿಯನ್ನು ತೊಳೆದು ಸಿಂಕಿನ ಪಕ್ಕ ಬೋರಲು ಹಾಕಲಾಗಿತ್ತು. ಅದರಲ್ಲಿದ್ದ ಬಿಳಿ ಪುಡಿ ಅವಳ ಮೂರು ವಾರದ ದುಡಿಮೆ. ಕರಿದ ಎಣ್ಣೆಯನ್ನು ಡೀಸೆಲ್ ಮಾಡುವ ಪುಡಿ. ಮಧ್ಯಾಹ್ನ ಮೂರಕ್ಕೆ ಕಾಲೇಜಿನಲ್ಲಿ ಎಲ್ಲರೆದುರು ಮಾಡಿ ತೋರಿಸದಿದ್ದರೆ ಪ್ರಾಜೆಕ್ಟ್ ಫೇಲು, ವರ್ಷವೇ ಹಾಳು.

"ಅದು ಸುಣ್ಣ ಅಲ್ವೇನೇ? ನಿಮ್ಮಪ್ಪ ತಂದಿಟ್ಟಿದ್ದು ಅಂದ್ಕೊಂಡೆ" ಎಂದರು ಅಜ್ಜಿ ಸೀತಮ್ಮ, ಬಾಯ್ತುಂಬ ಎಲೆಯಡಿಕೆ. "ನೀರು ಹಾಕಿದ್ದೇ ತಡ, ಚುಂಯ್ ಅಂತ ಕುದೀತು ನೋಡು! ಎಲ್ಲಾ ಸುಣ್ಣದ ಡಬ್ಬಿಗೆ ತುಂಬ್ಸಿಟ್ಟೆ. ಜೀವನ್ ಬಿಮಾ ನಗರಕ್ಕೆ ಬಂದ್ಮೇಲೆ ಇಂಥ ಸುಣ್ಣ ಕಂಡೇ ಇರ್ಲಿಲ್ಲ ಕಣೆ."

ಇಂಚರಾಗೆ ಅಳು ಬಂದೇಬಿಟ್ಟಿತು; ಅದು ಎಣ್ಣೆಯನ್ನು ಡೀಸೆಲ್ ಮಾಡುವ ಪುಡಿಯೆಂದು ಬಿಕ್ಕುತ್ತ ಹೇಳಿದಳು. ಅಜ್ಜಿಗೋ ಕುತೂಹಲ. "ಅಲ್ವೇ, ಸುಣ್ಣ ಹಾಕಿದ್ರೆ ಎಣ್ಣೆ ಡೀಸೆಲ್ ಆಗ್ಬಿಡತ್ತಾ? ಅಷ್ಟಮಿ ಚಕ್ಕುಲಿ ಕರಿದ ನನ್ನೆಣ್ಣೇನೂ?"

"ನಿನ್ನೆಣ್ಣೇನೇ ಅಜ್ಜಿ. ಮೆಥನಾಲ್ ಅನ್ನೋ ಸ್ಪಿರಿಟ್ ಜೊತೆ ಈ ಪುಡಿ ಹಾಕಿ ಕಾಯಿಸ್ಬೇಕು. ಎಣ್ಣೇಲಿ ಪುಡಿ ಕರಗಲ್ಲ, ಸೋಸಿ ಮತ್ತೆ ಹಾಕ್ಬಹುದು. ಆದ್ರೆ ನೀರು ತಾಗ್ಬಾರ್ದಿತ್ತು."

"ತಾಗಿದ್ರೇನು, ಮತ್ತೆ ಸುಡು. ಗೂಡಲ್ಲಿ ಕಲ್ಲು ಸುಟ್ರೆ ತಾನೇ ಸುಣ್ಣ ಆಗೋದು?"

ಇಂಚರಾ ಮೂಗೊರೆಸಿಕೊಂಡಳು. ಅರೆ, ಹೌದಲ್ಲ! ಕಾಲೇಜಿನ ಫರ್ನೇಸಿನಲ್ಲಿ ಎರಡು ಗಂಟೆ ಇಟ್ಟರೆ ನೀರೆಲ್ಲ ಹೋಗುತ್ತದೆ. ಈಗಿನ್ನೂ ಹತ್ತೂವರೆ.

"ಕಲ್ಲು ಎಲ್ಲಿ ಸಿಕ್ತೇ?" ಅಜ್ಜಿ ಬಿಡಲಿಲ್ಲ.

"ಕಲ್ಲಲ್ಲ ಅಜ್ಜಿ..." ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. "ಮೊಟ್ಟೆ ಚಿಪ್ಪು. ಮರ್ಫಿ ಟೌನಿನ ಆಮ್ಲೆಟ್ ಗಾಡಿಯಿಂದ ತಂದು ಸುಟ್ಟಿದ್ದು."

ಸೀತಮ್ಮನ ದವಡೆ ನಿಂತಿತು. ಉಗುಳಲೂ ಇಲ್ಲ, ನುಂಗಲೂ ಇಲ್ಲ.

"ಸುಟ್ಮೇಲೆ ಅದ್ರಲ್ಲಿ ಮೊಟ್ಟೆ ಇರತ್ತಾ?" ಎಂದರು ಕೊನೆಗೆ.

"ಏನೂ ಇರಲ್ಲ. ಬರೀ ಸುಣ್ಣ."

"ಹಂಗಾದ್ರೆ ಬಾಯ್ಮುಚ್ಕೊಂಡಿರು. ಡಬ್ಬಿ ನಿಮ್ಮ ತಾತನ ಹತ್ರ ಇದೆ."

ತಾತ ಶ್ರೀಕಂಠಯ್ಯ ಮೊಟ್ಟೆ ಇರುತ್ತದೆಂದು ಬೇಕರಿ ಕೇಕನ್ನೂ ಹೊಸ್ತಿಲು ದಾಟಿಸದ ಆಸಾಮಿ.

ಸೀತಮ್ಮ ವರಾಂಡದ ಕಡೆ ತಿರುಗಿ ಕೂಗಿದರು. "ರೀ, ಆ ಸುಣ್ಣದ ಡಬ್ಬಿ ಕೊಡಿ. ಮಗೂಗೆ ಕಾಲೇಜಿಗೆ ಬೇಕಂತೆ."

"ತಡಿಯೇ, ಇನ್ನೊಂದೆಲೆಗೆ ಹಚ್ಕೋತೀನಿ" ವರಾಂಡದಿಂದ ತಾತನ ದನಿ ಬಂತು. "ಇಷ್ಟು ವರ್ಷಕ್ಕೆ ಒಂದು ಒಳ್ಳೆ ಸುಣ್ಣ ತಂದಿದೀಯ."