ಹುಲಿಗೆಮ್ಮನ ಒಂಬತ್ತು ತೊಟ್ಟಿಲು

ಏಪ್ರಿಲ್ ತಿಂಗಳು... ಅದರಲ್ಲೂ ರಾಯಚೂರು ಕಡೆಯ ಬಿಸಿಲು... ಕೇಳಬೇಕೇ!

ಎಂಜಿನಿಯರ್ ತನುಜಾ ಒಂದು ಹಳೇ ಹೆರಿಗೆ ಆಸ್ಪತ್ರೆಯ ವಾರ್ಡಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

ಕಟ್ಟಡ ಎಷ್ಟು ಕಾಯುತ್ತೆ, ಅದನ್ನ ತಂಪು ಮಾಡೋಕೆ ಎಷ್ಟು ಕರೆಂಟ್ ಬೇಕು ಅಂತ ಲೆಕ್ಕ ಹಾಕಿ ಮಾರ್ಕ್ಸ್ ಕೊಡೋದು ಅವಳ ಕೆಲಸ.

ತೀರಾ ಕಡಿಮೆ ಮಾರ್ಕ್ಸ್ ಬಂದ ಕಟ್ಟಡಕ್ಕೆ ಈ ವರ್ಷವೇ ಬಿಸಿಲು ತಡೆಯೋ ತಂಪು ಛಾವಣಿ ಹಾಕಿಸ್ತಾರೆ. ರಿಪೋರ್ಟ್ ಸಂಜೆ ಐದಕ್ಕೆ ಹೋಗಲೇಬೇಕು!

ಆದರೆ ಬರೆಯೋದು ಏನನ್ನ? ನಕ್ಷೆ ಗೆದ್ದಲ ಪಾಲಾಗಿ ಯಾವ ಕಾಲವಾಯ್ತೋ... ಕರೆಂಟ್ ಬಿಲ್ ನೋಡೋಣ ಅಂದ್ರೆ ಇಡೀ ಕಾಂಪೌಂಡಿಗೆ ಒಂದೇ ಮೀಟರ್.

ಕೈಯಲ್ಲಿದ್ದದ್ದು ಮೂರೇ ಮೂರು ಥರ್ಮಾಮೀಟರ್. ಕಣ್ಣಿಗೆ ಬಿದ್ದ ಮೂರು ಮೊಳೆಗಳಿಗೆ ಅವನ್ನ ನೇತುಹಾಕಿದ್ದಳು.

ಮಧ್ಯಾಹ್ನ ಒಂದಕ್ಕೆ ನೋಡಿದರೆ... ಮೂರರಲ್ಲೂ ಮೂವತ್ತಮೂರು!

"ಪರವಾಗಿಲ್ವೇ, ಕಟ್ಟಡ ಚೆನ್ನಾಗೇ ಇದೆ" ಅಂದುಕೊಂಡಳು. ಅಷ್ಟನ್ನೇ ಬರೆದಿದ್ರೆ ಆಸ್ಪತ್ರೆಯ ಹೆಸರು ಪಟ್ಟಿಯಿಂದ ಔಟ್ ಆಗ್ತಿತ್ತು!

ತಿರುಗಿ ನೋಡ್ತಾಳೆ... ಒಂದು ಥರ್ಮಾಮೀಟರ್ ಮಾಯ!

ವಾರ್ಡು ಗುಡಿಸಿ, ಕೂಸುಗಳನ್ನ ನೋಡಿಕೊಳ್ಳೋ ಆಯಾ ಹುಲಿಗೆಮ್ಮ ಅದನ್ನ ಪಶ್ಚಿಮದ ಗೋಡೆ ಹತ್ತಿರ ಕಟ್ಟುತ್ತಾ ಇದ್ದಳು.

"ಏನಮ್ಮಾ ಇದು! ಯಾರು ಮುಟ್ಟೋಕೆ ಹೇಳಿದ್ದು ನಿಮಗೆ?" ತನುಜಾ ರೇಗಿದಳು.

ಹುಲಿಗೆಮ್ಮ ಮುದುಡಿಹೋದಳು. "ತಪ್ಪಾತ್ರಿ ಮೇಡಮ್ಮಾರ... ಆದ್ರ ಕೂಲರ್ ಮುಂದ ಕಟ್ಟಿದ್ರ ಅದು ಕೂಲರಿನ ಸುದ್ದಿ ಹೇಳತೈತ್ರಿ. ಗ್ವಾಡಿ ಸುದ್ದಿ ಹೆಂಗ ಹೇಳೀತು?"

ತನುಜಾ ಕಿತ್ತುಕೊಳ್ಳೋಕೆ ಕೈ ಚಾಚಿದಳು... ಅಂಕಿ ನೋಡಿದಳು... ಏರುತ್ತಾ ಏರುತ್ತಾ ನಲವತ್ತು!

ಒಂದೇ ಕೋಣೆ... ಏಳು ಡಿಗ್ರಿ ವ್ಯತ್ಯಾಸ! ಅವಳ ಕೋಪ ಅಲ್ಲೇ ಇಳಿದುಹೋಯಿತು.

"ಅಮ್ಮಾ, ಬೇರೆ ಎಲ್ಲೆಲ್ಲಿ ಬಿಸಿ, ಎಲ್ಲೆಲ್ಲಿ ತಂಪು... ನಿಮಗೆ ಗೊತ್ತಾ?"

"ಗೊತ್ತಿಲ್ದ ಏನ್ರಿ! ಒಂಬತ್ತು ತೊಟ್ಟಲ, ದಿನಕ್ಕ ನಾಕ್ ಸಲ ಎತ್ತಿ ಇಡಾಕಿ ನಾನ!"

ಸೀಮೆಸುಣ್ಣ ತಗೊಂಡು ನೆಲದ ಮೇಲೆ ಗುರುತು ಹಾಕಿಯೇಬಿಟ್ಟಳು. "ಹನ್ನೊಂದಕ್ಕ ಇಲ್ಲಿ ಇಡತೀನ್ರಿ. ಒಂದಕ್ಕ ಇದು ಕಾಯತೈತಿ, ಅತ್ತ ಸರಸತೀನಿ. ಮೂರಕ್ಕ ಆ ಮೂಲಿಗೆ... ಕೂಲರ್ ಗಾಳಿ ಬಿಟ್ರ ಅದರಷ್ಟು ತಂಪು ಬ್ಯಾರೆ ಜಾಗ ಇಲ್ರಿ."

ತನುಜಾ ಥರ್ಮಾಮೀಟರ್ ಹಿಡಿದು ಗುರುತಿನಿಂದ ಗುರುತಿಗೆ ಓಡಾಡಿದಳು. ಅಬ್ಬಬ್ಬಾ! ಹುಲಿಗೆಮ್ಮ ಬಿಸಿ ಅಂದಲ್ಲಿ ಬಿಸಿ... ತಂಪು ಅಂದಲ್ಲಿ ತಂಪು! ಒಂದೂ ತಪ್ಪಿಲ್ಲ!

ಮೂರು ಗಂಟೆ ಆಯ್ತು. ಕೂಲರ್ ಗಾಳಿ ತಾಗದ ಆ ಮೂಲೆಯಲ್ಲೂ ಪಶ್ಚಿಮದ ಗೋಡೆಗಿಂತ ಐದು ಡಿಗ್ರಿ ಕಡಿಮೆ! ಯಾಕೆ?

ಮೆಟ್ಟಿಲು ಹತ್ತಿ ಛಾವಣಿ ಮೇಲಕ್ಕೆ ಓಡಿದಳು. ನೀರಿನ ಟ್ಯಾಂಕ್! ಅದರ ನೆರಳು ಸರಿಯಾಗಿ ಆ ಮೂಲೆಯ ಮೇಲೇ ಬಿದ್ದಿತ್ತು!

ಅಂದರೆ ಛಾವಣಿಗೆ ಬಿಸಿಲು ತಾಗದಂತೆ ಮಾಡಿದರೆ ಸಾಕು... ಇಡೀ ವಾರ್ಡ್ ತಂಪಾಗುತ್ತೆ, ಹಗಲೆಲ್ಲಾ ಓಡೋ ಕೂಲರ್‌ಗಳಲ್ಲಿ ಅರ್ಧಕ್ಕರ್ಧ ನಿಲ್ಲಿಸಬಹುದು!

"ಸಿಕ್ತು ಅಮ್ಮಾ, ಸಿಕ್ತು!" ಅಂತ ಮೇಲಿಂದಲೇ ಕೂಗಿದಳು.

ಕೆಳಗಿಳಿದು ಬಂದು ಕೇಳಿದಳು, "ಇದನ್ನೆಲ್ಲಾ ಎಲ್ಲಿ ಕಲಿತಿರಿ?"

ಹುಲಿಗೆಮ್ಮ ಒಂದು ತೊಟ್ಟಿಲ ಮೇಲೆ ಕೈ ಇಟ್ಟಳು.

"ಕೂಸುಗಳಿಗೆ ಮಾತು ಬರಂಗಿಲ್ಲಲ್ರಿ... ಕಾವು ಹತ್ತಿದ್ರ ಅಳತಾವ. ಅವು ಅತ್ತಾಗೊಮ್ಮೆ ಗ್ವಾಡಿ ಮುಟ್ಟಿ ನೋಡತಿದ್ದೆ. ಹಂಗ ನೋಡಕೋತ ಇಪ್ಪತ್ತೆರಡು ವರ್ಷ ಆತ್ರಿ."

ತನುಜಾಳ ಕಣ್ಣು ತುಂಬಿ ಬಂತು. ಇಂಥವರನ್ನ ಗದರಿಸಿದೆನಲ್ಲಾ ಅಂತ ನಾಚಿಕೆಯಾಯಿತು.

ಐದಕ್ಕೆ ಹತ್ತು ನಿಮಿಷ... ರಿಪೋರ್ಟಿನ ಕೊನೇ ಸಾಲು: 'ಮಾಹಿತಿ ಕೊಟ್ಟವರು ಯಾರು?'

ಅವಳು ಬರೆದಳು: 'ಹುಲಿಗೆಮ್ಮ, ಆಯಾ. ಇಪ್ಪತ್ತೆರಡು ವರ್ಷಗಳ ದಾಖಲೆ.'

ಮುಂದಿನ ಏಪ್ರಿಲ್... ತನುಜಾಳ ಫೋನ್ ರಿಂಗಾಯಿತು. ಆ ಕಡೆ ಹುಲಿಗೆಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಯ್ಯೋ, ಏನಾಯ್ತಮ್ಮಾ?"

"ಮೂರು ಗಂಟಿ ಆತ್ರಿ ಮೇಡಮ್ಮಾರ... ಮುಂಜಾನಿ ಇಟ್ಟ ತೊಟ್ಟಲ ಇನ್ನೂ ಅಲ್ಲೇ ಅದಾವ್ರಿ! ಹೊಸಾ ಛಾವಣಿ ಕೆಳಗ ಒಂದೂ ಎತ್ತಿಲ್ಲ! ಎಲ್ಲಾ ಕೂಸು ಮಲಗ್ಯಾವ್ರಿ!"

*"ಮಾಹಿತಿ ಇಲ್ಲ" ಅಂತ ಬರೆಯುವ ಮೊದಲು, ಆ ಜಾಗವನ್ನು ದಿನಾ ಗುಡಿಸುವವರನ್ನು ಒಂದು ಮಾತು ಕೇಳಿ.*

ನೀವು ಕೆಲಸ ಮಾಡೋ ಜಾಗದಲ್ಲಿ ಕಸ ಗುಡಿಸೋ ಅಮ್ಮನ ಹೆಸರು... ನಿಮಗೆ ಗೊತ್ತಾ?